ಎಡಗೈ ಬೋಣಿ

ಅವರೆಕಾಯಿಯ ಸೊಗಡು ಒಮ್ಮೆ ಕೈಗೆ ಹತ್ತಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಇವತ್ತು ಬೆಳಿಗ್ಗೆ ಯಲಹಂಕದ ಹಳೇ ಪೇಟೆಗೆ ಹೋಗಿಬಂದೆ. ಮನೆಗೆ ಬಂದು ಎರಡು ಸಲ ಕೈ ತೊಳೆದು ಕಾಫಿಗೆ ಕೂತರೂ ಮೂಗಿಗೆ ಬಡಿದದ್ದು ಕಾಫಿಯಲ್ಲ, ಅದೇ ಸೊಗಡು. ಬಲಗೈ ಮೂಸಿದೆ, ಅಲ್ಲಿ ಏನೂ ಇಲ್ಲ. ವಾಸನೆ ಇದ್ದದ್ದು ಎಡಗೈಯಲ್ಲಿ. ಬೇಕೆಂದೇ ಇನ್ನೊಮ್ಮೆ ಮೂಸಿದೆ. ಮೂಸಿದ್ದೇ ತಡ, ನಾಲ್ಕು ವರ್ಷದ ಹಿಂದಿನ ಆ ಚಳಿಗಾಲ ಇಡಿಯಾಗಿ ಎದ್ದು ಬಂತು.

ನಾನು ಆರ್.ಟಿ. ನಗರದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿ ಆಗಷ್ಟೇ ನಿವೃತ್ತಳಾಗಿದ್ದೆ. ಮೂವತ್ತು ವರ್ಷ ಮಕ್ಕಳ ಮೇಲೆ ರೇಗಿದವಳಿಗೆ ಮನೆಯಲ್ಲಿ ರೇಗಲು ಯಾರೂ ಇರಲಿಲ್ಲ. ಟಿ.ವಿ. ರಿಮೋಟಿನ ಮೇಲೆ ರೇಗುವ ಹಂತ ಮುಟ್ಟಿದಾಗ ಪರಿಚಯದವರೊಬ್ಬರ ಸಣ್ಣ ಸಂಸ್ಥೆಯಿಂದ ಆರು ತಿಂಗಳ ಕೆಲಸ ಬಂತು. ಅಂಗವಿಕಲರೂ ವಯಸ್ಸಾದವರೂ ಯಾರ ಹಂಗೂ ಇಲ್ಲದೆ ತಮ್ಮ ದಿನ ತಾವೇ ನಡೆಸಿಕೊಳ್ಳಲು ಎಲ್ಲೆಲ್ಲಿ ಏನೇನು ಒಳ್ಳೆಯ ಪದ್ಧತಿಗಳಿವೆ ಎಂದು ಹುಡುಕಬೇಕು, ಫಾರಂ ತುಂಬಬೇಕು, ಕೊನೆಗೆ ಅದೆಲ್ಲ ಒಂದು ಪುಸ್ತಿಕೆಯಾಗುತ್ತದೆ. ಹೆಬ್ಬಾಳ, ಯಲಹಂಕ, ಯಶವಂತಪುರ ನನ್ನ ಪಾಲಿಗೆ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗತೊಡಗಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯಷ್ಟು ಹುರುಪು ನನಗೆ. ಅದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾನು ಊರು ಸುತ್ತುತ್ತಿದ್ದ ಆ ದಿನಗಳಲ್ಲೇ ತಣಿಸಂದ್ರದ ಅಪಾರ್ಟ್‌ಮೆಂಟೊಂದರ ಐದನೇ ಮಹಡಿಯಲ್ಲಿ ನನ್ನ ದೊಡ್ಡಮ್ಮ ಮುನಿರತ್ನಮ್ಮ ಸೋಫಾದ ಮೇಲೆ ಕೂತಿದ್ದಳು. ನನ್ನ ಅಮ್ಮನ ಅಕ್ಕ, ಎಂಬತ್ತರ ಹತ್ತಿರ ಬಂದವಳು. ಗಣೇಶನ ಹಬ್ಬದ ಮಾರನೆಯ ದಿನ ಲಕ್ವ ಹೊಡೆದು ಬಲಗೈ ಸೋತುಹೋಗಿತ್ತು, ಬಲಗಾಲು ಎಳೆಯುತ್ತಿತ್ತು. ಮಾತು ಮಾತ್ರ ಎಲ್ಲೂ ತೊದಲದೆ ನೆಟ್ಟಗಿತ್ತು, ಬೈಗುಳವೂ ಅಷ್ಟೇ. ಮಗ ಸೀನ, ಅಂದರೆ ನನಗಿಂತ ಹತ್ತು ವರ್ಷ ಚಿಕ್ಕವನಾದ ಶ್ರೀನಿವಾಸ, ಬಿಲ್ಡರ್. ತಾನೇ ಕಟ್ಟಿದ ಕಟ್ಟಡದಲ್ಲಿ ತಾಯಿಗೊಂದು ದೊಡ್ಡ ಕೋಣೆ ಕೊಟ್ಟು, ಹಗಲೂ ರಾತ್ರಿ ನೋಡಿಕೊಳ್ಳಲು ಒಬ್ಬ ಆಯಾಳನ್ನು ಇಟ್ಟಿದ್ದ. ಊಟ ಯಾರಾದರೂ ಮಾಡಿಸುತ್ತಿದ್ದರು. ಹೋದಾಗಲೆಲ್ಲ ನಾನೂ ನಾಲ್ಕು ತುತ್ತು ಇಟ್ಟು ಪುಣ್ಯ ಕಟ್ಟಿಕೊಂಡು ಬರುತ್ತಿದ್ದೆ.

ದೊಡ್ಡಮ್ಮನ ಕೊರಗು ಮಾತ್ರ ಬೇರೆ. ಯಲಹಂಕದ ಹಳೇ ಪೇಟೆಯ ಹೊಂಗೆಮರದ ಕೆಳಗೆ ಪ್ರತಿ ಚಳಿಗಾಲ ಏಳೆಂಟು ಹೆಂಗಸರು ಸಾಲಾಗಿ ಕೂತು ಹಿತಕಿದ ಅವರೆಬೇಳೆ ಮಾರುತ್ತಾರೆ. ಅವರೆಕಾಳನ್ನು ನೆನೆಹಾಕಿ, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದಾಗಿ ಹಿಚುಕಿ ಸಿಪ್ಪೆ ತೆಗೆದ ಬೇಳೆ. ಸಾರಿಗೆ ಬಿದ್ದರೆ ಬೀದಿಯೆಲ್ಲ ಘಮ್ ಎನ್ನುತ್ತದೆ. ದೊಡ್ಡಮ್ಮ ಆ ಸಾಲಿನಲ್ಲಿ ಕೂರತೊಡಗಿ ಮೂವತ್ತು ವರ್ಷದ ಮೇಲಾಗಿತ್ತು. ಮೊದಲು ಅವಳ ಹೊಲದ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬೆಳೆದ ಅವರೆ. ಹೊಲ ಸೈಟುಗಳಾದ ಮೇಲೆ ಕಾಳು ಕೊಂಡು ತಂದು ಹಿತಕುವುದು. ಹೊಟ್ಟೆಪಾಡಿಗೆ ಆ ವ್ಯಾಪಾರ ಬೇಕಾಗಿರಲಿಲ್ಲ. ಆದರೆ ಉಳಿದ ಒಂಬತ್ತು ತಿಂಗಳು ಅವಳು ಮಾತಾಡುತ್ತಿದ್ದದ್ದೇ ಈ ಮೂರು ತಿಂಗಳ ಸಂಗತಿ.

ಆ ಸಾಲಿಗೆ ಒಂದು ಕಟ್ಟಳೆ ಇದೆ. ಧನುರ್ಮಾಸ ಹುಟ್ಟುವುದರೊಳಗೆ ಅವರವರ ಜಾಗದಲ್ಲಿ ಅವರವರ ಗೋಣಿಚೀಲವನ್ನು ತಮ್ಮ ಕೈಯಾರೆ ಹಾಸಿ ಬೋಣಿ ಮಾಡಬೇಕು. ಹಾಸದಿದ್ದರೆ ಜಾಗ ಹೋಯಿತು. ಮಗಳೋ ಸೊಸೆಯೋ ಹಾಸಿದರೆ ಜಾಗ ಅವರದಾಗುತ್ತದೆಯೇ ಹೊರತು ಹಳಬಳದಾಗಿ ಉಳಿಯುವುದಿಲ್ಲ. ಇದನ್ನೆಲ್ಲ ಕಾಯುವವಳು ಸಾಲಿನ ಹಿರಿಯಳಾದ ಚಿಕ್ಕತಾಯಮ್ಮ. ದೊಡ್ಡಮ್ಮನಿಗೆ ಲಕ್ವ ಹೊಡೆದ ಸುದ್ದಿ ಕೇಳಿದ ದಿನವೇ ಅವಳು ಎಲ್ಲಿಂದಲೋ ಗೋಡೆ ಕಟ್ಟುವ ಒಂದು ಸೈಜುಗಲ್ಲು ಉರುಳಿಸಿ ತರಿಸಿ ಆ ಜಾಗದಲ್ಲಿ ಇಡಿಸಿದ್ದಳು. ಸೌತೆಕಾಯಿಯವನು ಅಲ್ಲಿ ಗಾಡಿ ನಿಲ್ಲಿಸಲು ಹೋದಾಗ, “ಆ ಕಲ್ಲು ಅಲ್ಲಾಡಿದ್ರೆ ನಿನ್ ಗಾಡಿ ಮಗುಚ್ತೀನಿ” ಎಂದಳಂತೆ. ಆದರೆ ಕಲ್ಲಿಗೂ ಗಡುವು ಒಂದೇ, ಧನುರ್ಮಾಸ.

“ಕಲ್ಲು ಕಾಯ್ತಾ ಐತೆ ಕಣೇ ಗಿರಿಜಾ,” ಎಂದು ದೊಡ್ಡಮ್ಮ ನನ್ನ ಹತ್ತಿರ ಹೇಳಿಕೊಂಡಿದ್ದಳು. ನಾನು, “ಕಾಯಲಿ ಬಿಡು, ನೀನು ಮೊದಲು ಹುಷಾರಾಗು,” ಎಂದು ಇನ್ನೊಂದು ತುತ್ತು ಬಾಯಿಗಿಟ್ಟೆ. ಊರೆಲ್ಲ ಒಳ್ಳೆಯ ಪದ್ಧತಿ ಹುಡುಕುತ್ತಿದ್ದ ಪುಣ್ಯಾತಗಿತ್ತಿ ನಾನು.

ನನ್ನ ಕಣ್ಣು ತೆರೆಸಿದ್ದು ಕಣ್ಣಿಲ್ಲದ ಮನುಷ್ಯ. ಕಾರ್ತಿಕ ಮಾಸದಲ್ಲಿ ಒಂದು ದಿನ ಯಶವಂತಪುರದ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲೊಂದು ಮಂಡಿಯಲ್ಲಿ ಈರುಳ್ಳಿ ಆರಿಸುವ ಶಿವಣ್ಣ ಇದ್ದಾರೆ ಎಂದು ಯಾರೋ ಹೇಳಿದ್ದರು. ಐವತ್ತರ ಆಸುಪಾಸು, ಹುಟ್ಟಿನಿಂದ ದೃಷ್ಟಿಯಿಲ್ಲ. ಈರುಳ್ಳಿಯನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದರೆ ಸಾಕು, ಗಾತ್ರ ಯಾವುದು, ಒಳಗೆ ಕೊಳೆತಿದೆಯೋ ಇಲ್ಲವೋ ಹೇಳುತ್ತಿದ್ದರು. ಚಹಾ ಅಂಗಡಿಗೆ ಹೊರಟಾಗ ನಾನು ಧಾವಿಸಿ ಅವರ ತೋಳು ಹಿಡಿದೆ.

“ಮೇಡಂ, ಬಿಡಿ. ನೀವು ನನ್ನ ಹಿಡ್ಕೊಂಡ್ರೆ ನಾನು ಬೀಳ್ತೀನಿ,” ಎಂದರು ಅವರು ತಣ್ಣಗೆ. “ನಾನೇ ನಿಮ್ಮ ಮೊಣಕೈ ಹಿಡ್ಕೋತೀನಿ. ನೀವು ಅರ್ಧ ಹೆಜ್ಜೆ ಮುಂದೆ ನಡೀರಿ. ಇವತ್ತು ಮಾತಾಡ್ಬೇಕು ಅಂತಿದೀರಲ್ಲ, ಅದಕ್ಕೆ. ಇಲ್ಲಾಂದ್ರೆ ದಿನಾ ನಾನೊಬ್ನೇ ಹೋಗೋದು.”

ಹೇಗೆ ಎಂದು ನಡೆಯುತ್ತಲೇ ಗೊತ್ತಾಯಿತು. ಮೂಟೆ ಹೊತ್ತ ಹಮಾಲರು ಎದುರಾದಾಗಲೆಲ್ಲ ತಮ್ಮ ಹೆಸರು ಹೇಳುತ್ತಿದ್ದರು. “ಶಿವಣ್ಣ, ನಾನು ರಫೀಕ್, ಬಲಗಡೆ ಬರ್ತಿದೀನಿ.” “ಗುರು, ನಾನು ಮಂಜ, ಖಾಲಿ ಕೈ.” ಮಂಡಿಯಿಂದ ಚಹಾ ಅಂಗಡಿಯವರೆಗಿನ ಆ ಓಣಿಯ ಎಡಬದಿಯಲ್ಲಿ ಒಂದೇ ಒಂದು ಮೂಟೆ ಇರಲಿಲ್ಲ. ಬಲಬದಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸರಕು. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಸಭೆ ಸೇರಿ ತೀರ್ಮಾನ ಮಾಡಿರಲಿಲ್ಲ. ನನಗೆ ಆ ಓಣಿಯಲ್ಲೇ ನಿಂತು ಚಪ್ಪಾಳೆ ತಟ್ಟಬೇಕು ಎನ್ನಿಸಿತು. ಫಾರಂ ತೆಗೆದು ಪಟಪಟ ಬರೆಯತೊಡಗಿದೆ.

“ಏನು ಕೇಳ್ತದೆ ನಿಮ್ಮ ಫಾರಂ?” ಎಂದರು ಶಿವಣ್ಣ. ಓದಿ ಹೇಳಿದೆ. ಯಾರು ಸಹಾಯ ಮಾಡುತ್ತಾರೆ, ಯಾವ ಸಹಾಯ, ದಿನಕ್ಕೆ ಎಷ್ಟು ಹೊತ್ತು.

ಅವರು ಚಹಾ ಹೀರಿ ಲೋಟ ಕೆಳಗಿಟ್ಟರು. “ಯಾರು ಅಡ್ಡ ಬರ್ತಾರೆ ಅಂತ ಒಂದು ಕಾಲಂ ಇಲ್ವಾ?”

“ಅಡ್ಡ ಯಾಕೆ ಬರ್ತಾರೆ?”

“ಪ್ರೀತಿಗೆ ಮೇಡಂ. ಸಿಟ್ಟಿಗೆ ಅಡ್ಡ ಬರೋರು ಕಮ್ಮಿ. ನಮ್ಮಮ್ಮ ಹದಿನೆಂಟು ವರ್ಷ ನನ್ನ ಹೊಸಲು ದಾಟಕ್ಕೆ ಬಿಡ್ಲಿಲ್ಲ, ಅಷ್ಟು ಪ್ರೀತಿ. ಇಲ್ಲಿ ರಫೀಕ್ ನಂಗೇನ್ ಮಾಡ್ತಾನೆ? ಹೆಸರು ಹೇಳ್ತಾನೆ, ಪಕ್ಕಕ್ಕೆ ಸರೀತಾನೆ. ಅಷ್ಟೇ ಸಾಕು.”

ಅಲ್ಲೇ ಪೆನ್ನು ತೆಗೆದು ಫಾರಂನ ಅಂಚಿನಲ್ಲಿ ಗೀಟು ಎಳೆದು ಹೊಸ ಕಾಲಂ ಮಾಡಿದೆ: ಯಾರು ಅಡ್ಡ ಬರುತ್ತಾರೆ? ಆಮೇಲೆ ಸ್ಕೂಟರನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಆರ್.ಟಿ. ನಗರದ ಮನೆಗೆ ತಿರುಗಬೇಕಾದವಳು ಹೆಬ್ಬಾಳದ ಮೇಲುಸೇತುವೆ ಹತ್ತಿ ನೇರ ತಣಿಸಂದ್ರಕ್ಕೆ ಹೋದೆ.

ಸೀನ ಮನೆಯಲ್ಲೇ ಇದ್ದ. ದೊಡ್ಡಮ್ಮನ ಹೆಸರಿನಲ್ಲಿ ಒಂದು ಫಾರಂ ತುಂಬುತ್ತೇನೆ ಎಂದಾಗ ಅವನಿಗೂ ಖುಷಿಯಾಯಿತು. “ಬರ್ಕೋ ಅಕ್ಕ. ಆಯಾ ಇದಾರೆ. ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಸ್ಟೀಲ್ ಕಂಬಿ ಹಾಕ್ಸಿದೀನಿ. ಊಟ ತಿನ್ನಿಸ್ತೀವಿ, ತಲೆ ಬಾಚ್ತೀವಿ. ಅಮ್ಮ ಒಂದು ಲೋಟ ಕೂಡ ಎತ್ತಂಗಿಲ್ಲ, ಹಂಗೆ ನೋಡ್ಕೋತಿದೀವಿ.” ಎಲ್ಲ ಬರೆದುಕೊಂಡೆ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಹೊಸ ಕಾಲಂ ಓದಿದೆ.

ದೊಡ್ಡಮ್ಮ ನನ್ನನ್ನೇ ನೋಡಿದಳು. “ಮೊನ್ನೆ ಬಂದು ಬಾಯಿಗೆ ಮುದ್ದೆ ತುರುಕಿದ್ಯಾರು? ನೀನೇ ತಾನೇ? ಮೊದ್ಲು ನಿಂದೇ ಬರ್ಕೋ. ಆಮೇಲೆ ಇವನ್ದು ಬರ್ಕೊಳ್ಳೀವಂತೆ.”

ಸೀನನ ಮುಖ ಸಣ್ಣದಾಯಿತು. ನಾನು ನಗಲೂ ಆರದೆ, ಅಳಲೂ ಆರದೆ, ನನ್ನದೇ ಅಕ್ಷರದಲ್ಲಿ ಗಿರಿಜಾ ಎಂದು ಬರೆದೆ. ಸೀನ ಎದ್ದುಹೋದ ಮೇಲೆ ಅವಳನ್ನು ಕೇಳಿದೆ, “ಎಡಗೈ ಗಟ್ಟಿಮುಟ್ಟಾಗಿದೆಯಲ್ಲ ದೊಡ್ಡಮ್ಮ, ನೀನೇ ಯಾಕೆ ಉಣ್ಣಲ್ಲ?”

“ಎಡಗೈಲಿ ಉಣ್ಣೋದಾ? ಸೊಸೆ ಮೊಮ್ಮಕ್ಕಳ ಮುಂದೆ? ತೊಳ್ಕೊಳ್ಳೋ ಕೈಲಿ?”

ಮೂರು ತಿಂಗಳು ನಾವೆಲ್ಲ ಅವಳ ಕೈಲಾಗದು ಎಂದುಕೊಂಡಿದ್ದೆವು. ಅವಳಿಗೆ ಆಗುತ್ತಿತ್ತು, ಅಡ್ಡ ಬಂದದ್ದು ನಾಚಿಕೆ. ಎಷ್ಟೋ ಸಲ ಹಸಿವಿದ್ದರೂ ಸಾಕು ಎಂದು ತಲೆ ಆಡಿಸಿದ್ದಳಂತೆ, ಇನ್ನೊಬ್ಬರ ಕೈ ಕಾಯುವುದು ಬೇಸರವಾಗಿ. ಇದನ್ನು ಕೇಳಿ ನನಗೆ ನನ್ನ ಮೇಲೇ ಬಂದ ಕೋಪವನ್ನು ಏನು ಹೇಳಲಿ.

“ನನ್ನ ಮುಂದೆ ಬೇಡ. ಯಾರ ಮುಂದೇನೂ ಬೇಡ,” ಎಂದೆ. ತಟ್ಟೆ ಜಾರದಿರಲೆಂದು ಕೆಳಗೆ ಒದ್ದೆ ಬಟ್ಟೆ ಹಾಸಿದೆ. ಮುದ್ದೆ, ಸೊಪ್ಪಿನ ಸಾರು ಬಡಿಸಿ ನೀರಿಟ್ಟೆ.

“ಇನ್ನೇನು ನಿಂತ್ಕಂಡೆ? ಬಾಗ್ಲು ಎಳ್ಕೊಂಡು ಆಚೆ ಓಗು,” ಎಂದಳು.

ಹೊರಗೆ ನಾನು, ಆಯಾ, ಸೀನನ ಹೆಂಡತಿ ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತೆವು. ಒಳಗೆ ಲೋಟ ಉರುಳಿದ ಸದ್ದಾಯಿತು. ಆಯಾ ಮುಂದೆ ಹೆಜ್ಜೆ ಇಟ್ಟಳು, ನಾನು ಅವಳ ಸೆರಗು ಹಿಡಿದೆ. ಅರ್ಧ ಗಂಟೆಯಾದ ಮೇಲೆ ಕೂಗು ಬಂತು, “ಸಾರು ಇನ್ನೊಂದು ಸೌಟು ಆಕು ಬಾರೇ.” ಬಾಗಿಲು ತೆರೆದರೆ ನೆಲದ ಮೇಲೆ ನೀರು, ಸೀರೆಯ ಮೇಲೆ ಸಾರು, ತಟ್ಟೆಯಲ್ಲಿ ಮುದ್ದೆ ಇಲ್ಲ. ನಾನು ಆ ಒದ್ದೆ ನೆಲದಲ್ಲಿ ಕುಣಿದೇಬಿಟ್ಟೆ. ಜಾರಿ ಬೀಳದೆ ಉಳಿದದ್ದು ನನ್ನ ಪುಣ್ಯ.

ಅಲ್ಲಿಂದ ಮುಂದಿನ ಮೂರು ವಾರ ನನಗೆ ನಿದ್ದೆ, ಊಟ ಎರಡರ ಮೇಲೂ ಗಮನವಿರಲಿಲ್ಲ. ದಿನಕ್ಕೊಂದು ಹೊಸತು. ಎಡಗೈಯಲ್ಲಿ ಅವರೆ ಹಿತಕುವುದು ಅವಳಿಗೆ ಎರಡೇ ದಿನದಲ್ಲಿ ಬಂತು, ಎರಡು ಬೆರಳಿನ ಕೆಲಸ ತಾನೆ. ಪಾವಿನಲ್ಲಿ ಅಳೆಯುವುದೇ ಕಷ್ಟ, ಒಂದು ಕೈ ಪಾವು ಹಿಡಿಯಬೇಕು, ಇನ್ನೊಂದು ಕೈ ತುಂಬಬೇಕು. ಪಾವನ್ನು ಬೇಳೆಯ ರಾಶಿಯೊಳಗೆ ಚುಚ್ಚಿ ಮೇಲೆತ್ತಿ, ಅದರ ತಲೆಯನ್ನು ಮೊರದ ಅಂಚಿಗೆ ಉಜ್ಜಿ ಮಟ್ಟ ಮಾಡುವ ಉಪಾಯವನ್ನು ಅವಳೇ ಕಂಡುಕೊಂಡಳು. ನಾನು ಫೋನಿನಲ್ಲಿ ಶಿವಣ್ಣನಿಗೆ ವರದಿ ಒಪ್ಪಿಸುತ್ತಿದ್ದೆ. “ಮೇಡಂ, ನೀವು ಬಾಯಿ ಮುಚ್ಕೊಂಡು ನೋಡ್ತಾ ಇದೀರಾ, ಇಲ್ಲ ಸಲಹೆ ಕೊಡ್ತಾ ಇದೀರಾ?” ಎಂದು ಅವರು ಗದರುತ್ತಿದ್ದರು. ಮೇಷ್ಟ್ರಿಗೇ ಪಾಠ.

ಸೀನ ಮಾತ್ರ ಜಗ್ಗಲಿಲ್ಲ. “ಅಕ್ಕ, ಮನೇಲಿ ಏನ್ ಬೇಕಾದ್ರೂ ಮಾಡ್ಲಿ. ಪೇಟೆಗೆ ಹೋಗಿ ಕೂರೋದು ಬೇಡ. ಬಿದ್ದು ಸೊಂಟ ಮುರ್ಕೊಂಡ್ರೆ? ಸೀನ ಅಪಾರ್ಟ್‌ಮೆಂಟ್ ಕಟ್ಟಿ ಅಮ್ಮನ್ನ ರೋಡಲ್ಲಿ ಕೂರ್ಸಿದಾನೆ ಅಂತಾರೆ ಜನ.”

ದೊಡ್ಡಮ್ಮ ಹಿತಕುತ್ತಲೇ ಹೇಳಿದಳು, “ನೀನು ನಡೆಯೋದು ಕಲಿಯುವಾಗ ಬೀಳ್ತಾನೇ ಇದ್ದೆ ಕಣಪ್ಪ. ಬೀಳ್ತಾನೆ ಅಂತ ಕಂಕುಳಲ್ಲೇ ಇಟ್ಕಂಡಿದ್ರೆ ಈಗ ನಿನ್ನ ಯಾರು ಎತ್ತೋರು?”

ನೂರು ಕಿಲೋ ದಾಟಿದ ಸೀನ ತನ್ನ ಹೊಟ್ಟೆ ನೋಡಿಕೊಂಡು ನಕ್ಕುಬಿಟ್ಟ. ನಕ್ಕ ಮೇಲೆ ಬೇಡ ಎನ್ನಲು ಆಗಲಿಲ್ಲ. ಒಂದೇ ದಿನ, ಅದೂ ತಾನೂ ಜೊತೆಗಿರುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿದ.

ನಾನು ಗೆದ್ದೆವು ಎಂದುಕೊಂಡೆ. ಆದರೆ ದೊಡ್ಡಮ್ಮ ಸಪ್ಪಗಾದಳು. “ಚೀಲ ಆಸ್ತೀನಿ ಕಣೇ. ಬೋಣಿ ಎಂಗೆ ಕೊಡ್ಲಿ?” ಆ ಸಾಲಿನಲ್ಲಿ ದಿನದ ಮೊದಲ ಗಿರಾಕಿಯ ಅಂಗೈಗೆ ಬರಿಗೈಯಲ್ಲಿ ಒಂದು ಹಿಡಿ ಬೇಳೆ ಹಾಕಿದ ಮೇಲೇ ಪಾವು ಮುಟ್ಟುವುದು. ಹಿಂದೊಮ್ಮೆ ಹೊಸದಾಗಿ ಕೂತ ಒಬ್ಬಳು ಅವಸರದಲ್ಲಿ ಎಡಗೈಯಲ್ಲಿ ಬೋಣಿ ಕೊಟ್ಟಾಗ, ಸಾಲಿಗೇ ಆಗಿಬರುವುದಿಲ್ಲ ಎಂದು ಚಿಕ್ಕತಾಯಮ್ಮ ಅವಳನ್ನು ಎಬ್ಬಿಸಿ ಕಳಿಸಿದ್ದಳು. “ಆವತ್ತು ಅವಳ ಪರವಾಗಿ ನಾನೂ ಬಾಯಿ ಬಿಡ್ಲಿಲ್ಲ. ಊಟಕ್ಕಾದ್ರೆ ಬಾಗ್ಲು ಎಳ್ಕೊಂಡೆ. ಪೇಟೆಗೆ ಯಾವ ಬಾಗ್ಲು?”

ಹಾಗೆ ಕೇಳಿದಳೇ ಹೊರತು ಹೋಗುವುದು ಬೇಡ ಎನ್ನಲಿಲ್ಲ.

ಧನುರ್ಮಾಸಕ್ಕೆ ಒಂದೇ ದಿನ ಉಳಿದಿತ್ತು. ಆ ಬೆಳಿಗ್ಗೆ ಯಲಹಂಕದಲ್ಲಿ ಮಂಜು ಇನ್ನೂ ಕರಗಿರಲಿಲ್ಲ, ಕಾಣದ ವಿಮಾನವೊಂದು ಮೇಲೆ ಗುಂಯ್ ಎನ್ನುತ್ತಿತ್ತು. ಸೀನನ ಕಾರಿನಿಂದ ದೊಡ್ಡಮ್ಮ ಕೋಲೂರಿ ಇಳಿದಳು. ಇಳಕಲ್ ಸೀರೆ, ಹಣೆಯಲ್ಲಿ ಅಗಲ ಕುಂಕುಮ. ಸಾಲಿನ ಹೆಂಗಸರೆಲ್ಲ ಹಿತಕುವುದು ನಿಲ್ಲಿಸಿ ನೋಡಿದರು.

ಚೀಲವನ್ನು ಅವಳು ಹಿಂದಿನ ದಿನವೇ ಚಾಪೆಯ ಹಾಗೆ ಸುತ್ತಿಟ್ಟುಕೊಂಡಿದ್ದಳು. ಸೈಜುಗಲ್ಲಿನ ಹತ್ತಿರ ಹೋಗಿ ಸುರುಳಿಯನ್ನು ನೆಲಕ್ಕೆ ಬಿಟ್ಟಳು. ಅದು ಹೊರಳಿ ಪಕ್ಕಕ್ಕೆ ಹೋಯಿತು. ಸೀನ ನುಗ್ಗಿದ. ನಾನು ಅವನ ಅಂಗಿ ಹಿಡಿದೆಳೆದು, “ಆ ಕಾಲಂನಲ್ಲಿ ಇನ್ನೂ ಜಾಗ ಇದೆ, ನಿನ್ನ ಹೆಸರು ಬರೀಲಾ?” ಎಂದೆ. ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ನಿಂತ. ದೊಡ್ಡಮ್ಮ ಕೋಲಿನಿಂದ ಸುರುಳಿಯನ್ನು ಎಳೆದುಕೊಂಡು, ಅದರ ಅಂಚನ್ನು ಎಡಗಾಲಲ್ಲಿ ಒತ್ತಿ, ಕೋಲಿನಿಂದಲೇ ಮುಂದಕ್ಕೆ ತಳ್ಳಿದಳು. ಅರ್ಧ ಬಿಚ್ಚಿತು, ಮಡಚಿಕೊಂಡಿತು. ಮತ್ತೆ ತಳ್ಳಿದಳು. ನಾಲ್ಕನೆಯ ಸಲಕ್ಕೆ ಚೀಲ ಪೂರ್ತಿ ಹರಡಿಕೊಂಡಿತು. ಅವಳು ಮೆಲ್ಲಗೆ ಸೈಜುಗಲ್ಲಿನ ಮೇಲೆ ಕೂತಳು. ಅಷ್ಟು ದಿನ ಜಾಗ ಕಾದ ಕಲ್ಲು ಆವತ್ತಿನಿಂದ ಅವಳ ಪೀಠವಾಯಿತು.

ಬೇಳೆಯ ಬುಟ್ಟಿ ಎದುರಿಗೆ ಬಂತು. ಈಗ ಬೋಣಿ. ಮೊದಲ ಗಿರಾಕಿಯಾಗಬೇಕೆಂದು ನಾನು ಹಿಂದಿನ ದಿನವೇ ತೀರ್ಮಾನಿಸಿದ್ದೆ. ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಚಿಕ್ಕತಾಯಮ್ಮ ತನ್ನ ಜಾಗದಿಂದ ಎದ್ದಳು. ಸೊಂಟ ಬಾಗಿದ, ಸಣ್ಣ ಕಣ್ಣಿನ ಮುದುಕಿ. ನೇರ ಬಂದು ದೊಡ್ಡಮ್ಮನ ಎದುರು ನಿಂತಳು. ಎಬ್ಬಿಸಲೇ ಬಂದಳು ಎಂದುಕೊಂಡೆ. ದೊಡ್ಡಮ್ಮ ಎಡಗೈಯಲ್ಲಿ ಬುಟ್ಟಿಯ ಅಂಚು ಹಿಡಿದು ಅವಳನ್ನೇ ನೋಡಿದಳು.

“ಏನು ನೋಡ್ತೀಯೇ? ಬೋಣಿ ಕೊಡು.”

“ಅಕ್ಕಯ್ಯ, ಬಲಗೈ ಓಗೈತೆ.”

“ಗೊತ್ತು ಕಣೇ. ನಿನ್ನ ಲಕ್ಷ್ಮಿ ಆ ಕೈಯಿಂದ ಈ ಕೈಗೆ ಬಂದವ್ಳೆ. ಅದಕ್ಕೇನಂತೆ?” ಎಂದು ಚಿಕ್ಕತಾಯಮ್ಮ ತನ್ನ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈ ಮುಂದೆ ಚಾಚಿದಳು. “ನೀನು ಯಾವ ಕೈಲಿ ಕೊಡ್ತೀಯೋ ನಾನೂ ಅದೇ ಕೈಲಿ ಇಸ್ಕೋತೀನಿ. ಸರಿಗೆ ಸರಿ.”

ದೊಡ್ಡಮ್ಮ ಒಂದು ಹಿಡಿ ಬೇಳೆ ಎತ್ತಿ ಆ ಅಂಗೈಗೆ ಹಾಕಿದಳು. ಚಿಕ್ಕತಾಯಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಸಾಲಿನ ಕಡೆ ತಿರುಗಿ, “ಇನ್ನೇನು ಕೂತಿದೀರ?” ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬಂದು ಎಡಗೈ ಒಡ್ಡಿದರು. ಹಿಂದೆ ತಿರುಗಿ ನೋಡಿದರೆ, ಜೇಬಿನಿಂದ ಕೈ ತೆಗೆಯಬಾರದೆಂದು ಸೀನ ಕಣ್ಣೊರೆಸಿಕೊಳ್ಳದೆ ಹಾಗೇ ನಿಂತಿದ್ದ. ನನ್ನ ಕಣ್ಣೂ ಮಂಜಾಗಿತ್ತು. “ಅಳೋರು ಪಕ್ಕಕ್ಕೆ ಸರೀರಿ, ಗಿರಾಕಿ ಬರೋ ಒತ್ತು,” ಎಂದಳು ದೊಡ್ಡಮ್ಮ.

ಒಂದೇ ದಿನ ಎಂದಿದ್ದ ಸೀನ ಮರುದಿನ ಬೆಳಿಗ್ಗೆ ತಾನೇ ಬುಟ್ಟಿ ಕಾರಿಗಿಟ್ಟ. ಧನುರ್ಮಾಸ ಮುಗಿಯುವ ಹೊತ್ತಿಗೆ ಅವಳು ಕಾರು ಬೇಡವೆಂದು, ಗುರುತಿನ ಆಟೋದಲ್ಲಿ ಒಬ್ಬಳೇ ಹೋಗಿಬರುತ್ತಿದ್ದಳು. ನಾನು ಸಂಸ್ಥೆಗೆ ಫಾರಂಗಳ ಕಟ್ಟು ಒಪ್ಪಿಸಿದೆ. ಚಿಕ್ಕತಾಯಮ್ಮ ಮಾಡಿದ್ದಕ್ಕೆ ಏನು ಹೆಸರಿಡುವುದೆಂದು ತಿಳಿಯದೆ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೆ. ಪುಸ್ತಿಕೆಯಲ್ಲಿ ಅದನ್ನು ಹಾಗೇ ಅಚ್ಚು ಹಾಕಿದರು. ಶಿವಣ್ಣನ ಕಾಲಂ ಮುಂದಿನ ಫಾರಂಗಳಲ್ಲಿ ಅಚ್ಚಾಗಿಯೇ ಬಂತು.

ಇವತ್ತು ಬೆಳಿಗ್ಗೆ ಹೋದಾಗ ದೊಡ್ಡಮ್ಮನಿಗೆ ಇನ್ನೂ ಬೋಣಿಯಾಗಿರಲಿಲ್ಲ. ಸ್ಕೂಟರ್ ನಿಲ್ಲಿಸಿದ ಅವಸರದಲ್ಲಿ, ಹಳೇ ಅಭ್ಯಾಸ, ಬಲಗೈ ಚಾಚಿದೆ. ಅವಳು ಬೇಳೆ ತುಂಬಿದ ಎಡಗೈಯನ್ನು ಹಾಗೇ ಹಿಡಿದುಕೊಂಡು, ಕೊಡದೆ ನನ್ನ ಮುಖ ನೋಡುತ್ತ ಕೂತಳು. ಪಕ್ಕದಲ್ಲಿ ಚಿಕ್ಕತಾಯಮ್ಮ ಕೆಮ್ಮಿದಳು. ನಾನು ಕೈ ಬದಲಾಯಿಸಿದೆ.